ಪಾಲಾರ್ ಕೇಸ್ ಓದಿದ ಮೇಲೆ ಕೇಳುತ್ತಿದ್ದೇನೆ: ಗಲ್ಲು ಶಿಕ್ಷೆ ಇರಬೇಕಾ, ಬೇಡ್ವಾ?

ಹನೂರು ಮಾದೇವ

ಎರಡು ದಿನದಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. ಇಲ್ಲಿ ಬರೆದರೆ ಯಾರಾದರೂ ಬಿಡಿಸಿ ಹೇಳುತ್ತೀರಿ ಅಂತ ಬರೆಯುತ್ತಿದ್ದೇನೆ.

ನಾನು ಹನೂರು ಕಡೆಯವನು. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ವೀರಪ್ಪನ್ ಗುಂಪು ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಿತಲ್ಲ, ಆಗ ನನಗೆ ಹನ್ನೊಂದು ವರ್ಷ. ಸತ್ತವರಲ್ಲಿ ಪೊಲೀಸರೂ ಇದ್ದರು, ಸುಳಿವು ಕೊಡಲು ಅವರ ಜೊತೆ ಹೋಗಿದ್ದವರೂ ಇದ್ದರು. ಮಾದಪ್ಪನ ಬೆಟ್ಟಕ್ಕೆ ಹರಕೆ ತೀರಿಸಲು ಹೋಗಬೇಕಿದ್ದ ನಮ್ಮ ಮನೆಯವರು ಆ ವರ್ಷ ಹೋಗಲೇ ಇಲ್ಲ. ನಮ್ಮಪ್ಪ ಸಾಯುವ ತನಕ ಹೇಳಿದ್ದು ಒಂದೇ ಮಾತು, ಅವರನ್ನ ನೇಣಿಗೆ ಹಾಕಬೇಕು ಅಂತ. ನಾನೂ ಅದನ್ನೇ ನಂಬಿ ಬೆಳೆದವನು.

ಮೊನ್ನೆ ಆ ಕೇಸು ಕೊನೆಗೆ ಏನಾಯಿತು ಅಂತ ಹುಡುಕಿ ಓದಿದೆ. 2001ರಲ್ಲಿ ಮೈಸೂರಿನ ಟಾಡಾ (ಆಗಿನ ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟು ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ನಾಲ್ವರಿಗೆ ಅದನ್ನೇ ಗಲ್ಲು ಮಾಡಿತು. ರಾಷ್ಟ್ರಪತಿಗೆ ಹಾಕಿದ ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಹಾಗೇ ಬಿದ್ದಿತ್ತು. 2013ರ ಫೆಬ್ರವರಿಯಲ್ಲಿ ತಿರಸ್ಕಾರವಾಯಿತು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟು, ಇಷ್ಟು ವರ್ಷ ಕಾಯಿಸಿದ್ದು ತಪ್ಪು ಅಂತ ಮತ್ತೆ ಜೀವಾವಧಿಗೆ ಇಳಿಸಿತು.

ಮನುಷ್ಯರು ಅವರೇ. ಕೇಸು ಅದೇ. ಸಾಕ್ಷಿಯೂ ಅದೇ. ಆದರೆ ಜೀವಾವಧಿ, ಆಮೇಲೆ ಗಲ್ಲು, ಆಮೇಲೆ ಮತ್ತೆ ಜೀವಾವಧಿ. ಇದರಲ್ಲಿ ಯಾವುದು ಸರಿ ಇತ್ತು? ಇಷ್ಟು ಅಲ್ಲಾಡುವ ಶಿಕ್ಷೆಯನ್ನು ಇಟ್ಟುಕೊಳ್ಳಬೇಕಾ? ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು. ಆದರೂ ಕೇಳುತ್ತಿದ್ದೇನೆ.

ಚೈತ್ರಾ ದಾವಣಗೆರೆ

ಇರಲೇಬೇಕು. ಪ್ರಶ್ನೆಯೇ ಇಲ್ಲ.

ಕಿರಣ್ ಗೌಡ

ಕೇಸು ತಡ ಆಗಿದ್ದಕ್ಕೆ ಶಿಕ್ಷೆಯನ್ನೇ ತೆಗೀಬೇಕು ಅಂದರೆ ಹೇಗೆ ಅಣ್ಣಾ? ತಡ ಮಾಡಿದವರನ್ನು ಕೇಳಬೇಕು. 22 ಜನರ ಜೀವಕ್ಕೆ ಬೆಲೆ ಇಲ್ವಾ?

ಬಸವರಾಜ ಬೆಳಗಾವಿ

ಮಾದೇವ ಅವರೇ, ಆ ನಾಲ್ವರೂ ನಮ್ಮ ಹಿಂಡಲಗಾ ಜೈಲಿನಲ್ಲೇ ಇದ್ದರು. 2013ರ ಫೆಬ್ರವರಿ ನನಗೆ ಚೆನ್ನಾಗಿ ನೆನಪಿದೆ. ಜೈಲಿನ ಮುಂದೆ ಟಿವಿ ಗಾಡಿಗಳು ಸಾಲಾಗಿ ನಿಂತಿದ್ದವು. ಇವತ್ತು ಬೆಳಿಗ್ಗೆ ಅಂತ ಒಬ್ಬರು, ನಾಳೆ ಅಂತ ಇನ್ನೊಬ್ಬರು. ಚಹಾದ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಆಮೇಲೆ ಸುಪ್ರೀಂ ಕೋರ್ಟಿನಿಂದ ತಡೆ ಬಂತು.

ನಮ್ಮ ಓಣಿಯ ಹುಡುಗರು ನೇಣು ಹಾಕುವ ಹೊತ್ತು ತಿಳಿದುಕೊಳ್ಳಲು ಕಾಯುತ್ತಿದ್ದದ್ದನ್ನು ನೋಡಿ ನನಗೆ ಒಂಥರಾ ಆಯಿತ್ರೀ. ಅವರು ಮಾಡಿದ್ದು ದೊಡ್ಡ ಪಾಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ಮನುಷ್ಯನ ಸಾವಿಗೆ ಗಡಿಯಾರ ನೋಡಿಕೊಂಡು ನಿಲ್ಲುವುದು, ಅದು ಬೇರೆ.

ವಕೀಲ ತುಮಕೂರು

ಮಾದೇವ ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಟಾಡಾ ಕೇಸಿನಲ್ಲಿ ಮೇಲ್ಮನವಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುತ್ತಿತ್ತು. ಹೈಕೋರ್ಟಿನ ಮೆಟ್ಟಿಲು ನಡುವೆ ಇರಲಿಲ್ಲ. ಮಾಮೂಲಿ ಕೊಲೆ ಕೇಸಿನಲ್ಲಿ ಸೆಷನ್ಸ್ ಕೋರ್ಟು ಗಲ್ಲು ಕೊಟ್ಟರೆ ಹೈಕೋರ್ಟು ಅದನ್ನು ಖಾಯಂ ಮಾಡಲೇಬೇಕು, ಇಲ್ಲದಿದ್ದರೆ ಜಾರಿಯಾಗುವುದಿಲ್ಲ. ಪಾಲಾರ್ ಕೇಸಿನಲ್ಲಿ ಗಲ್ಲು ಅನ್ನುವ ಮಾತು ಮೊದಲ ಸಲ ಬಂದಿದ್ದೇ ಕೊನೆಯ ಕೋರ್ಟಿನಲ್ಲಿ. ಅದರ ಮೇಲೆ ಹೋಗಲು ಇನ್ನೊಂದು ಕೋರ್ಟಿಲ್ಲ.

ನಮ್ಮ ಕಾನೂನಲ್ಲಿ ಕೊಲೆಗೆ ಜೀವಾವಧಿಯೇ ನಿಯಮ, ಗಲ್ಲು ಅಪವಾದ. 1980ರ ಬಚನ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿದ್ದು ಅದನ್ನೇ. 'ಅಪರೂಪದಲ್ಲಿ ಅಪರೂಪ' ಅನ್ನುವ ಮಾತು ಅಲ್ಲಿಂದ ಬಂತು. ಐವರಲ್ಲಿ ನ್ಯಾಯಮೂರ್ತಿ ಭಗವತಿ ಒಬ್ಬರೇ ಗಲ್ಲು ಶಿಕ್ಷೆಯೇ ಸಂವಿಧಾನಕ್ಕೆ ವಿರುದ್ಧ ಅಂದರು. ಯಾವ ಬೆಂಚಿನ ಮುಂದೆ ಕೇಸು ಬರುತ್ತದೆ ಅನ್ನುವುದರ ಮೇಲೆ ಜೀವ ಉಳಿಯುವುದು, ಹೋಗುವುದು ನಿಂತುಬಿಡುತ್ತದೆ ಅನ್ನುವುದು ಅವರ ಚಿಂತೆ. 26 ವರ್ಷದ ವಕಾಲತ್ತಿನಲ್ಲಿ ನಾನು ನೋಡಿದ್ದೂ ಅದೇ.

ನಮ್ಮ ಬೆಂಗಳೂರಿನದೇ ಒಂದು ಕೇಸು ನೋಡಿ. ಸ್ವಾಮಿ ಶ್ರದ್ಧಾನಂದ. 1991ರಲ್ಲಿ ಹೆಂಡತಿಯನ್ನು ಕೊಂದು ಮನೆಯ ಹಿತ್ತಲಲ್ಲಿ ಹೂತ ಕೇಸು. ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಒಂದೇ ಕಡತ ಓದಿದರು. ಒಬ್ಬರು ಜೀವಾವಧಿ ಅಂದರು, ಇನ್ನೊಬ್ಬರು ಗಲ್ಲು ಅಂದರು. ಮೂವರ ಪೀಠಕ್ಕೆ ಹೋಗಿ 2008ರಲ್ಲಿ ಸಾಯುವ ತನಕ ಜೈಲು ಅಂತ ತೀರ್ಮಾನವಾಯಿತು.

ಕಿರಣ್ ಗೌಡ

ಅಂದರೆ ಉಳಿದುಕೊಂಡ. ಜೀವಾವಧಿ ಅಂದರೆ 14 ವರ್ಷ ತಾನೇ? ಊಟ, ಹಾಸಿಗೆ ಎಲ್ಲ ನಮ್ಮ ತೆರಿಗೆ ದುಡ್ಡಲ್ಲಿ. ಮುಂಬೈ ದಾಳಿಯ ಕಸಬ್‌ಗೆ ಬಿರಿಯಾನಿ ಕೊಟ್ಟು ಸಾಕಿದ ಹಾಗೆ.

ವಕೀಲ ತುಮಕೂರು

ಕಿರಣ್, ಎರಡೂ ತಪ್ಪು. ಜೀವಾವಧಿ ಅಂದರೆ ಜೀವ ಇರುವ ತನಕ. ಕನಿಷ್ಠ 14 ವರ್ಷ ಒಳಗಿದ್ದ ಮೇಲೆ ಸರ್ಕಾರ ಸನ್ನಡತೆ ನೋಡಿ ಬಿಡುಗಡೆ ಬಗ್ಗೆ ಯೋಚಿಸಬಹುದು, ಅಷ್ಟೇ. ಬಿಡಲೇಬೇಕು ಅಂತ ಇಲ್ಲ. ಶ್ರದ್ಧಾನಂದ ಕೇಸಿನ ನಂತರ, ಆ ಬಿಡುಗಡೆಯೂ ಇಲ್ಲ ಅಂತ ಬರೆದು ಶಿಕ್ಷೆ ಕೊಡುವ ದಾರಿ ಬಂದಿದೆ. 2015ರಲ್ಲಿ ಐವರ ಪೀಠ ಅದನ್ನು ಒಪ್ಪಿದೆ. ಬಿರಿಯಾನಿ ಕಥೆ ತಾವೇ ಕಟ್ಟಿದ್ದು ಅಂತ ಆ ಕೇಸಿನ ಸರ್ಕಾರಿ ವಕೀಲರೇ 2015ರಲ್ಲಿ ಒಪ್ಪಿಕೊಂಡರು.

ಕಿರಣ್ ಗೌಡ

ಬಿರಿಯಾನಿ ವಿಷಯ ಗೊತ್ತಿರಲಿಲ್ಲ. ವಾಪಸ್ ತಗೊಳ್ಳುತ್ತೇನೆ ಸರ್. ಮಿಕ್ಕಿದ್ದಕ್ಕೆ ನಿಂತಿದ್ದೇನೆ.

ಕುಡ್ಲದ ಶ್ವೇತಾ

ನಮ್ಮ ಮಂಗಳೂರು ಕಡೆಯವರಿಗೆ ಇದು ಪುಸ್ತಕದ ಚರ್ಚೆ ಅಲ್ಲ. ವಾಮಂಜೂರಿನಲ್ಲಿ 1994ರಲ್ಲಿ ಒಬ್ಬ ತನ್ನ ಸಂಬಂಧಿಕರ ಮನೆಯ ನಾಲ್ವರನ್ನು ಕೊಂದ. ಗಲ್ಲು ಆಗಿತ್ತು. ಮಾದೇವ ಅವರು ಹೇಳಿದ ಅದೇ 2014ರ ತೀರ್ಪಿನಲ್ಲಿ 15 ಜನರ ಗಲ್ಲು ಇಳಿಯಿತಲ್ಲ, ಅದರಲ್ಲಿ ಅವನೂ ಒಬ್ಬ. 2022ರಲ್ಲಿ ಬಿಡುಗಡೆ ಮಾತು ಬಂತು. ಆಗ ಸಂಬಂಧಿಕರೇ ಪೊಲೀಸ್ ಕಮಿಷನರ್ ಹತ್ತಿರ ಹೋಗಿ ಅವನನ್ನು ಬಿಡಬೇಡಿ ಅಂತ ಕೇಳಿಕೊಂಡರು. ಹೆದರಿಕೆ ಅವರಿಗೆ.

ಸಯನೈಡ್ ಮೋಹನನ ಕೇಸೂ ಹಾಗೇ. ಮದುವೆ ಆಗುತ್ತೇನೆ ಅಂತ ಬಡ ಹುಡುಗಿಯರನ್ನು ಕರೆದುಕೊಂಡು ಹೋಗಿ ಬಸ್ ಸ್ಟ್ಯಾಂಡ್ ಶೌಚಾಲಯದಲ್ಲಿ ಮಾತ್ರೆ ಅಂತ ಸಯನೈಡ್ ಕೊಟ್ಟವನು. 2013ರಲ್ಲಿ ಇಲ್ಲಿನ ಕೋರ್ಟು ಗಲ್ಲು ಕೊಟ್ಟಿತು. 2017ರಲ್ಲಿ ಹೈಕೋರ್ಟು ಜೀವಾವಧಿ ಮಾಡಿತು. ಆ ಹುಡುಗಿಯರು ಬೀಡಿ ಕಟ್ಟುವ, ಕೂಲಿ ಮಾಡುವ ಮನೆಗಳವರು. ಕಾಣೆಯಾದಾಗ ಹೆಚ್ಚು ಜನ ಹುಡುಕಲೂ ಇಲ್ಲ. ಇವನಿಗೂ 'ಅಪರೂಪ' ಅಲ್ಲ ಅಂದರೆ ಇನ್ಯಾರಿಗೆ?

ಮಲೆನಾಡ ಮಂಜು

ಶ್ವೇತಾ, ನಿಮ್ಮ ಕೊನೆಯ ಸಾಲನ್ನೇ ಹಿಡಿದು ಕೇಳುತ್ತೇನೆ. ಕಾಣೆಯಾದ ಮೊದಲ ಹುಡುಗಿಯನ್ನೇ ಸರಿಯಾಗಿ ಹುಡುಕಿದ್ದರೆ ಉಳಿದವರು ಬದುಕುತ್ತಿದ್ದರು. ಅವನು ನೇಣಿಗೆ ಹೆದರದೆ ಮಾಡಿದ್ದಲ್ಲ. ಸಿಕ್ಕಿಬೀಳುವುದಿಲ್ಲ ಅನ್ನುವ ಧೈರ್ಯಕ್ಕೆ ಮಾಡಿದ್ದು. ನೇಣು ಆಗಲೂ ಕಾನೂನಿನಲ್ಲಿತ್ತು.

ಕುಡ್ಲದ ಶ್ವೇತಾ

ಅದನ್ನು ಒಪ್ಪುತ್ತೇನೆ. ಆದರೆ ಹುಡುಕಲಿಲ್ಲ ಅನ್ನುವುದು ಅವನ ಶಿಕ್ಷೆ ಕಡಿಮೆ ಮಾಡಲು ಕಾರಣ ಆಗಬಾರದು ಅಲ್ವಾ.

ಅನಿತಾ ಧಾರವಾಡ

ನಾನು ಕಾಲೇಜಿನಲ್ಲಿ ಪಾಠ ಮಾಡುವವಳು. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜಿನ ಆವರಣದಲ್ಲೇ ಒಬ್ಬ ವಿದ್ಯಾರ್ಥಿನಿಯ ಕೊಲೆ ಆಯಿತಲ್ಲ, ಆ ವಾರ ನಮ್ಮ ತರಗತಿಯಲ್ಲಿ ಪಾಠ ನಡೆಯಲಿಲ್ಲ. ಹುಡುಗಿಯರು ಅತ್ತರು. ಗಲ್ಲು ಆಗಬೇಕು ಅಂತ ಎಲ್ಲರೂ ಮೆರವಣಿಗೆ ಹೋದರು. ನಾನೂ ಹೋಗಿದ್ದೆ. ಆ ಸಿಟ್ಟು ಸುಳ್ಳಲ್ಲ. ಅದನ್ನು ತಪ್ಪು ಅನ್ನುವವರನ್ನು ಕಂಡರೆ ನನಗೆ ಈಗಲೂ ಬೇಜಾರು.

ಆದರೆ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. 2018ರಲ್ಲಿ 12 ವರ್ಷದೊಳಗಿನ ಮಕ್ಕಳ ಮೇಲಿನ ಅತ್ಯಾಚಾರಕ್ಕೆ ಗಲ್ಲು ತಂದರು. ಅತ್ಯಾಚಾರಕ್ಕೂ ಗಲ್ಲು, ಕೊಲೆಗೂ ಗಲ್ಲು ಅಂದರೆ ಆ ಮೃಗ ಮಗುವನ್ನು ಜೀವಂತ ಬಿಡುತ್ತಾನಾ? ಸಾಕ್ಷಿ ಹೇಳುವುದು ಆ ಮಗು ಒಂದೇ ತಾನೇ. ಇನ್ನೊಂದು, ಮಕ್ಕಳಿಗೆ ಹಾಗೆ ಮಾಡುವವರು ಹೆಚ್ಚಾಗಿ ಮನೆಯ ಹತ್ತಿರದವರೇ. ಚಿಕ್ಕಪ್ಪ ನೇಣಿಗೆ ಹೋಗುತ್ತಾನೆ ಅಂದರೆ ಮನೆಯವರು ದೂರು ಕೊಡುವುದನ್ನೇ ಬಿಡುತ್ತಾರೆ. ಮಗುವಿನ ಬಾಯಿ ಮುಚ್ಚಿಸುತ್ತಾರೆ.

ಚೈತ್ರಾ ದಾವಣಗೆರೆ

ಅನಿತಾ ಮೇಡಂ, ದೆಹಲಿ ಬಸ್ಸಿನ ಕೇಸಿನಲ್ಲಿ ಆ ನಾಲ್ವರನ್ನು 2020ರ ಮಾರ್ಚ್ 20ರಂದು ನೇಣಿಗೆ ಹಾಕಿದ ದಿನ ನನ್ನ ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದು ದೀಪ ಹಚ್ಚಿದರು. ಸತ್ತ ಹುಡುಗಿಯ ತಾಯಿ ಏಳು ವರ್ಷ ಕೋರ್ಟು ಸುತ್ತಿದರು. ನೇಣಿನ ದಿನ ಮೂರು ಸಲ ಮುಂದಕ್ಕೆ ಹೋಯಿತು. ಗಲ್ಲು ಬೇಡ ಅನ್ನುವವರು ಆ ತಾಯಿಯ ಮುಂದೆ ನಿಂತು ಹೇಳಲಿ ನೋಡೋಣ.

ಲಂಡನ್ ಕನ್ನಡಿಗ ರಘು

ಇಲ್ಲಿನ ಒಂದು ಕೇಸು ಹೇಳುತ್ತೇನೆ. ತಿಮೋತಿ ಇವಾನ್ಸ್ ಅನ್ನುವವನನ್ನು ಸ್ವಂತ ಮಗುವನ್ನು ಕೊಂದ ಅಂತ 1950ರಲ್ಲಿ ನೇಣಿಗೆ ಹಾಕಿದರು. ಅವನ ವಿರುದ್ಧ ಮುಖ್ಯ ಸಾಕ್ಷಿ ಅದೇ ಮನೆಯಲ್ಲಿ ಕೆಳಗೆ ಬಾಡಿಗೆಗಿದ್ದ ಕ್ರಿಸ್ಟಿ. ಮೂರು ವರ್ಷ ಆದಮೇಲೆ ಆ ಮನೆಯ ಗೋಡೆಯೊಳಗೆ, ಹಿತ್ತಲಲ್ಲಿ ಹೆಣಗಳು ಸಿಕ್ಕವು. ಸರಣಿ ಕೊಲೆ ಮಾಡುತ್ತಿದ್ದವನು ಆ ಸಾಕ್ಷಿಯೇ. 1966ರಲ್ಲಿ ಇವಾನ್ಸ್‌ಗೆ ಕ್ಷಮಾದಾನ ಸಿಕ್ಕಿತು. ಸತ್ತು 16 ವರ್ಷವಾಗಿತ್ತು. ಬ್ರಿಟನ್ನಿನಲ್ಲಿ ಕೊಲೆಗೆ ಗಲ್ಲು 1965ರಲ್ಲೇ ನಿಂತಿತು. ಜನಾಭಿಪ್ರಾಯ ಆಗಲೂ ಗಲ್ಲಿನ ಪರವಾಗಿಯೇ ಇತ್ತು.

ಕಿರಣ್ ಗೌಡ

ಅದು 1950. ಈಗ ಡಿಎನ್‌ಎ ಇದೆ, ಸಿಸಿಟಿವಿ ಇದೆ.

ಮಲೆನಾಡ ಮಂಜು

ಕಿರಣ್, 2019 ಆದರೆ ಆಗಬಹುದಾ? ಮಹಾರಾಷ್ಟ್ರದ ಆರು ಜನ. ಅಲೆಮಾರಿ ಸಮುದಾಯದವರು. ಕೊಲೆ, ಅತ್ಯಾಚಾರದ ಕೇಸು. ಕೆಳಗಿನ ಕೋರ್ಟು ಆರೂ ಜನಕ್ಕೆ ಗಲ್ಲು ಕೊಟ್ಟಿತು. ಹೈಕೋರ್ಟು ಮೂವರಿಗೆ ಜೀವಾವಧಿ ಮಾಡಿತು. 2009ರಲ್ಲಿ ಸುಪ್ರೀಂ ಕೋರ್ಟು ಆ ಮೂವರಿಗೂ ಮತ್ತೆ ಗಲ್ಲು ಅಂದಿತು. 2019ರ ಮಾರ್ಚ್‌ನಲ್ಲಿ ಅದೇ ಸುಪ್ರೀಂ ಕೋರ್ಟು ಮತ್ತೆ ಕಡತ ತೆಗೆದು ನೋಡಿ, ಆರೂ ಜನ ನಿರ್ದೋಷಿಗಳು ಅಂತ ಬಿಟ್ಟಿತು. 16 ವರ್ಷ ಜೈಲಲ್ಲಿದ್ದರು. 2009ರ ನಂತರ ನಮ್ಮ ವ್ಯವಸ್ಥೆ ನೀವು ಕೇಳುವಷ್ಟು ಚುರುಕಾಗಿದ್ದಿದ್ದರೆ ಆ ಆರು ಜನ ಇವತ್ತು ಇರುತ್ತಿರಲಿಲ್ಲ. ತಡ ಆಗಿದ್ದಕ್ಕೆ ಅವರು ಬದುಕಿದರು.

ಬಸವರಾಜ ಬೆಳಗಾವಿ

ಇದು ನನಗೆ ಗೊತ್ತಿರಲಿಲ್ಲ. ಓದಿ ಮೈ ಜುಮ್ ಅಂತು.

ಕಿರಣ್ ಗೌಡ

ಮಂಜು, ನಿಮ್ಮ ಮಾತಿಗೆ ಬೆಲೆ ಕೊಡುತ್ತೇನೆ. ಆದರೆ ಅಲ್ಲಿ ತಪ್ಪಾಗಿದ್ದು ತನಿಖೆಯಲ್ಲಿ. ಗಲ್ಲು ತೆಗೆದರೂ ಆ ಆರು ಜನ 16 ವರ್ಷ ಜೈಲಲ್ಲಿ ಕೊಳೆಯುತ್ತಿದ್ದರು. ಬಹುಶಃ ಅಲ್ಲೇ ಸಾಯುತ್ತಿದ್ದರು, ಜೀವಾವಧಿ ಕೇಸನ್ನು ಅಷ್ಟು ಗಮನ ಕೊಟ್ಟು ಯಾರು ಓದುತ್ತಾರೆ? ತನಿಖೆ ಸರಿ ಮಾಡಿ, ಬಡವರಿಗೆ ಒಳ್ಳೆ ವಕೀಲರನ್ನು ಕೊಡಿ. ಅದನ್ನು ಮಾಡದೆ ಬರೀ ಗಲ್ಲು ತೆಗೆದರೆ ನಮ್ಮ ಮನಸ್ಸಿಗೆ ಸಮಾಧಾನ, ಅವರಿಗೆ ಏನು?

ವಕೀಲ ತುಮಕೂರು

ಕಿರಣ್, ಈ ಚರ್ಚೆಯಲ್ಲಿ ಬಂದ ಅತ್ಯಂತ ಗಟ್ಟಿ ಮಾತು ಇದು. ಜೀವಾವಧಿ ಕೇಸುಗಳನ್ನು ಯಾರೂ ಅಷ್ಟು ಗಮನ ಕೊಟ್ಟು ಓದುವುದಿಲ್ಲ ಅನ್ನುವುದು ನಿಜ. ಆದರೂ ಒಂದು ಲೆಕ್ಕ ನೋಡಿ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ವರದಿ ತಂದರು. 2000ದಿಂದ 2015ರ ತನಕ ಕೆಳಗಿನ ಕೋರ್ಟುಗಳು ಗಲ್ಲು ಕೊಟ್ಟವರಲ್ಲಿ 1,486 ಜನರ ಕೇಸು ಮುಂದೆ ಏನಾಯಿತು ಅಂತ ತಿಳಿಯಿತು. ಗಲ್ಲು ಉಳಿದದ್ದು ನೂರಕ್ಕೆ ಐದಕ್ಕಿಂತ ಕಡಿಮೆ. 443 ಜನ ಪೂರ್ತಿ ಖುಲಾಸೆ. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬ. ಗಲ್ಲು ಬಿದ್ದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಬಡವರು.

ಜೈಲಲ್ಲಿರುವ ನಿರಪರಾಧಿಯನ್ನು ತಡವಾಗಿಯಾದರೂ ಹೊರಗೆ ತರಬಹುದು. ನಾನು ತಂದಿದ್ದೇನೆ. ನಾಲ್ಕು ವರ್ಷ ಆದಮೇಲೆ ಒಬ್ಬ ಹುಡುಗನನ್ನು ಹೊರಗೆ ತಂದಾಗ ಅವನ ತಾಯಿ ಮನೆಯಿಂದ ಹೊಸ ಅಂಗಿ ತಂದಿದ್ದರು. ಹಳೇ ಅಳತೆಯದು. ಅವನಿಗೆ ಹಿಡಿಸಲಿಲ್ಲ.

ಹಳೇ ಮೈಸೂರು ಶೇಷಾದ್ರಿ

ನೇಣು ಬ್ರಿಟಿಷರು ಬಿಟ್ಟುಹೋದದ್ದು. ನಮ್ಮ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಆಲದ ಮರಕ್ಕೆ ನೇಣು ಹಾಕಿದರು. ನರಗುಂದದ ಬಾಬಾಸಾಹೇಬರನ್ನು 1858ರಲ್ಲಿ ಬೆಳಗಾವಿಯಲ್ಲಿ. ಆಗಿನ ಕಾನೂನಿನ ಲೆಕ್ಕದಲ್ಲಿ ಅವರೂ ಅಪರಾಧಿಗಳೇ. ಆ ಕುಣಿಕೆಯನ್ನು ನಾವು ಇನ್ನೂ ಯಾಕೆ ಇಟ್ಟುಕೊಂಡಿದ್ದೇವೆ?

ಅನಿತಾ ಧಾರವಾಡ

ಶೇಷಾದ್ರಿ ಸರ್, ಅದು ಅರ್ಧ ಸರಿ. ಶೂಲಕ್ಕೇರಿಸುವ ಮಾತು ನಮ್ಮ ಹಳಗನ್ನಡದಲ್ಲೂ ಇದೆ. ಬ್ರಿಟಿಷರು ಬರುವ ಮೊದಲು ಇಲ್ಲಿ ಯಾರನ್ನೂ ಕೊಲ್ಲುತ್ತಿರಲಿಲ್ಲ ಅಂತಲ್ಲ.

ಹಳೇ ಮೈಸೂರು ಶೇಷಾದ್ರಿ

ಸರಿ ತಾಯಿ, ಒಪ್ಪಿದೆ. ನಂದಗಡಕ್ಕೆ ಹೋಗಿದ್ದೀರಾ? ರಾಯಣ್ಣನ ಸಮಾಧಿಯ ಹತ್ತಿರದ ಮರಕ್ಕೆ ಈಗಲೂ ಮಕ್ಕಳಾಗಲಿ ಅಂತ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ.

ಬಸವರಾಜ ಬೆಳಗಾವಿ

ಹೌದ್ರೀ, ನಮ್ಮ ಅಕ್ಕನೂ ಕಟ್ಟಿದ್ದಳು.

ನಾಗರಾಜ್ ಕೋಲಾರ

ವಿಷಯಕ್ಕೆ ಬನ್ನಿ. ಸಂವಿಧಾನ ಸಭೆಯಲ್ಲಿ 1949ರ ಜೂನ್ 3ರಂದು ಬಾಬಾಸಾಹೇಬ್ ಅಂಬೇಡ್ಕರ್ ಇದರ ಬಗ್ಗೆ ಮಾತಾಡಿದ್ದಾರೆ. ಗಲ್ಲಿನ ಕೇಸುಗಳಿಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಬೇಕಾ ಅನ್ನುವ ಚರ್ಚೆ ಅದು. ಅದಕ್ಕಿಂತ ಗಲ್ಲನ್ನೇ ತೆಗೆಯುವುದು ಒಳ್ಳೆಯದು, ಅಹಿಂಸೆಯನ್ನು ನಂಬುವ ದೇಶ ನಮ್ಮದು ಅಂದರು. ನೇಣಿಗೆ ಹೋಗುವುದು ಯಾವ ಕೇರಿಯವರು ಅಂತ ನೋಡಿದರೆ ಆ ಮಾತು ಇನ್ನೂ ಚೆನ್ನಾಗಿ ಅರ್ಥ ಆಗುತ್ತದೆ. ದುಡ್ಡಿದ್ದವರು ನೇಣಿಗೆ ಹೋಗಿದ್ದನ್ನು ನಾನಂತೂ ನೋಡಿಲ್ಲ.

ಕುಡ್ಲದ ಶ್ವೇತಾ

ಭಯೋತ್ಪಾದಕರ ವಿಷಯ? ಅವರಿಗಾದರೂ ಇರಬೇಕಲ್ವಾ?

ವಕೀಲ ತುಮಕೂರು

2015ರ ಕಾನೂನು ಆಯೋಗದ 262ನೇ ವರದಿ ಅದನ್ನೇ ಹೇಳಿತು. ಭಯೋತ್ಪಾದನೆ, ದೇಶದ ಮೇಲೆ ಯುದ್ಧ ಬಿಟ್ಟು ಉಳಿದದ್ದಕ್ಕೆಲ್ಲ ತೆಗೆಯಿರಿ ಅಂತ. ಸರ್ಕಾರ ತೆಗೆಯಲಿಲ್ಲ. 2024ರ ಜುಲೈಯಿಂದ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಂಪು ಹತ್ಯೆಗೂ ಸೇರಿಸಿದೆ. ಭಯೋತ್ಪಾದನೆ ಕೇಸಲ್ಲಿ ತಪ್ಪಾಗುವುದಿಲ್ಲ ಅಂತ ನಂಬಬೇಡಿ. ಗುಜರಾತಿನ ಅಕ್ಷರಧಾಮ ದೇವಸ್ಥಾನದ ಮೇಲಿನ ದಾಳಿಯ ಕೇಸಿನಲ್ಲಿ ಗಲ್ಲು ಬಿದ್ದ ಮೂವರನ್ನೂ ಸೇರಿಸಿ ಆರು ಜನರನ್ನು 2014ರಲ್ಲಿ ಸುಪ್ರೀಂ ಕೋರ್ಟು ಖುಲಾಸೆ ಮಾಡಿತು.

ಕಿರಣ್ ಗೌಡ

ಇದಕ್ಕೇ ಜನ ಎನ್‌ಕೌಂಟರ್ ಬೇಕು ಅನ್ನುವುದು. 2019ರಲ್ಲಿ ಹೈದರಾಬಾದಿನಲ್ಲಿ ಪಶುವೈದ್ಯೆಯ ಅತ್ಯಾಚಾರ, ಕೊಲೆ ಕೇಸಿನ ನಾಲ್ವರನ್ನು ಪೊಲೀಸರು ಗುಂಡಿಟ್ಟು ಕೊಂದಾಗ ನಮ್ಮ ಕಡೆಯೂ ಪಟಾಕಿ ಹೊಡೆದರು.

ಅನಿತಾ ಧಾರವಾಡ

ಸುಪ್ರೀಂ ಕೋರ್ಟು ನೇಮಿಸಿದ ಆಯೋಗ 2022ರಲ್ಲಿ ಅದು ಬೇಕಂತಲೇ ಗುಂಡು ಹಾರಿಸಿದ್ದು ಅಂತ ಹೇಳಿತು ಕಿರಣ್. ಸತ್ತವರಲ್ಲಿ ಅಪ್ರಾಪ್ತ ವಯಸ್ಸಿನವರೂ ಇದ್ದರು ಅಂತ. ಆ ನಾಲ್ವರೇ ಮಾಡಿದ್ದಾ ಅಂತ ಯಾವ ಕೋರ್ಟೂ ನೋಡಲಿಲ್ಲ. ಇನ್ನು ನೋಡುವ ಹಾಗೂ ಇಲ್ಲ.

ಬಸವರಾಜ ಬೆಳಗಾವಿ

ಅತ್ಯಾಚಾರ, ಕೊಲೆ ಮಾಡಿ ಗಲ್ಲು ಬಿದ್ದಿದ್ದ ಉಮೇಶ್ ರೆಡ್ಡಿ ಕೇಸೂ ಇಲ್ಲಿ ಬರಬೇಕು. ಅವನೂ ನಮ್ಮ ಹಿಂಡಲಗಾದಲ್ಲೇ ಇದ್ದವನು. ಅವನ ಹೆಸರು ಹೇಳಿದರೆ ಈಗಲೂ ಹೆಣ್ಣುಮಕ್ಕಳು ಬಾಗಿಲು ಹಾಕಿಕೊಳ್ಳುತ್ತಾರೆ. 2006ರಿಂದ 2016ರ ತನಕ ಒಬ್ಬನೇ ಒಂಟಿ ಕೋಣೆಯಲ್ಲಿದ್ದ. ಅದು ಕಾನೂನಿಗೆ ವಿರುದ್ಧ ಅಂತ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಗಲ್ಲನ್ನು ಇಳಿಸಿತು. ಕನಿಷ್ಠ 30 ವರ್ಷ ಜೈಲು. ಅವನ ಮೇಲೆ ನನಗೆ ಕರುಣೆ ಇಲ್ಲ. ಆದರೆ ಕೋರ್ಟು ಹೇಳಿದ್ದು ಸರಿ ಅನಿಸಿತು. ಎರಡೂ ಒಟ್ಟಿಗೆ ಇರಬಹುದಾ ಅಂತ ಗೊತ್ತಿಲ್ಲ, ನನ್ನೊಳಗೆ ಇವೆ.

ಸುಮಾ ಮಂಡ್ಯ

ಬೆಳಿಗ್ಗೆಯಿಂದ ಓದುತ್ತಾ ಇದ್ದೇನೆ. ಬರೆಯಬೇಕಾ ಬೇಡ್ವಾ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ನನ್ನ ಸೋದರಮಾವನನ್ನು ಜಮೀನಿನ ಜಗಳದಲ್ಲಿ ಮಚ್ಚಿನಿಂದ ಕೊಂದರು. ನಾನಾಗ ಏಳನೇ ಕ್ಲಾಸು. ಕೊಂದವನು ಅದೇ ಊರಿನವನು, ಮಾವನ ಜೊತೆ ಕಬಡ್ಡಿ ಆಡಿಕೊಂಡು ಬೆಳೆದವನು. ಜೀವಾವಧಿ ಆಯಿತು. ಆ ದಿನ ಕೋರ್ಟಿನ ಹೊರಗೆ ನಮ್ಮ ಕಡೆಯವರೆಲ್ಲ ನೇಣು ಆಗಲಿಲ್ಲವಲ್ಲ ಅಂತ ಕೂಗಾಡಿದರು. ಅಜ್ಜಿ ಮಾತ್ರ ಸುಮ್ಮನೆ ಕೂತಿದ್ದರು. ಅವನ ತಾಯಿಯೂ ಅಲ್ಲೇ, ಇನ್ನೊಂದು ಬೆಂಚಿನ ಮೇಲೆ ಕೂತಿದ್ದರು.

16 ವರ್ಷ ಆದಮೇಲೆ ಸನ್ನಡತೆ ಅಂತ ಅವನನ್ನು ಬಿಟ್ಟರು. ನಮಗೆ ಯಾರೂ ಒಂದು ಮಾತು ಹೇಳಲಿಲ್ಲ. ಒಂದು ಕಾಗದ ಇಲ್ಲ, ಫೋನ್ ಇಲ್ಲ. ಅಜ್ಜಿ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಅವನು ಕ್ಯಾನ್ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದ. ಹಾಗೆ ಗೊತ್ತಾಗಿದ್ದು ನಮಗೆ.

ಚೈತ್ರಾ ಅವರೇ, ಆ ತಾಯಿಯ ಮುಂದೆ ನಿಂತು ಹೇಳಲಿ ಅಂದಿರಲ್ಲ. ನಮ್ಮ ಅಜ್ಜಿ ಅವನಿಗೆ ನೇಣು ಬೇಕು ಅಂತ ಯಾವತ್ತೂ ಕೇಳಲಿಲ್ಲ. ನೇಣು ಬೇಡ ಅಂತಲೂ ಹೇಳಲಿಲ್ಲ. ಅವರನ್ನು ಯಾರೂ ಕೇಳಲೇ ಇಲ್ಲ. ನೇಣು ಬೇಕು ಅನ್ನುವವರೂ ಕೇಳಲಿಲ್ಲ, ಬೇಡ ಅನ್ನುವವರೂ ಕೇಳಲಿಲ್ಲ. ಮಾವನ ಮಕ್ಕಳ ಓದು ನಿಂತಿತು, ಅದನ್ನೂ ಯಾರೂ ಕೇಳಲಿಲ್ಲ.

ಚೈತ್ರಾ ದಾವಣಗೆರೆ

ಸುಮಾ, ಕ್ಷಮಿಸಿ. ನಾನು ಬೇರೆಯವರ ಪರವಾಗಿ ಮಾತಾಡಿಬಿಟ್ಟೆ. ನನ್ನ ಅಭಿಪ್ರಾಯ ಬದಲಾಗಿದೆ ಅಂತ ಹೇಳುವುದಿಲ್ಲ. ಆದರೆ ಆ ಸಾಲು ಬರೆಯಬಾರದಿತ್ತು.

ವಕೀಲ ತುಮಕೂರು

ಸುಮಾ ಅವರೇ, ಸಂತ್ರಸ್ತರ ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ನಿಮ್ಮದು ಹಳೆಯ ಕೇಸು, ಕಷ್ಟ ಇದೆ. ಆದರೂ ಕಾಗದ ಇದ್ದರೆ ನನಗೆ ಕಳಿಸಿ, ದುಡ್ಡೇನೂ ಬೇಡ, ನೋಡಿ ಹೇಳುತ್ತೇನೆ.

ಹನೂರು ಮಾದೇವ

ಎಲ್ಲರಿಗೂ ಧನ್ಯವಾದ. ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಅಪ್ಪನ ಸಿಟ್ಟು ಸುಳ್ಳು ಅಂತ ನನಗೆ ಈಗಲೂ ಅನಿಸುವುದಿಲ್ಲ. ಆದರೆ ಮಂಜು ಹೇಳಿದ ಆ ಆರು ಜನರ ಕೇಸು ಓದಿದ ಮೇಲೆ, ಗಲ್ಲು ಇರಲಿ ಅಂತ ನನ್ನ ಬಾಯಿಂದ ಬರುವುದಿಲ್ಲ. ಪಾಲಾರ್ ಕೇಸಿನಲ್ಲಿ ಸಾಯುವ ತನಕ ಜೈಲು ಅಂತ 2001ರಲ್ಲೇ ಗಟ್ಟಿಯಾಗಿ ಹೇಳಿ ಮುಗಿಸಿದ್ದಿದ್ದರೆ ಅಪ್ಪ ಇನ್ನೂ 13 ವರ್ಷ ಪೇಪರ್ ತಿರುವಿ ನೋಡುತ್ತಾ ಕೂರಬೇಕಿರಲಿಲ್ಲ.

ಸುಮಾ, ಒಂದು ಕೇಳಲಾ? ಅಜ್ಜಿ ಈಗಲೂ ಡೈರಿಗೆ ಹೋಗುತ್ತಾರಾ?

ಕಿರಣ್ ಗೌಡ

ಮಾದೇವಣ್ಣ, ನಾನು ಒಪ್ಪಿಲ್ಲ. ಆದರೆ ಚರ್ಚೆ ಚೆನ್ನಾಗಿತ್ತು. ಮಹಾರಾಷ್ಟ್ರದ ಆ ತೀರ್ಪು ಕನ್ನಡದಲ್ಲಿ ಎಲ್ಲಾದರೂ ಸಿಗುತ್ತದಾ?

ಸುಮಾ ಮಂಡ್ಯ

ಹೋಗುತ್ತಾರೆ ಅಣ್ಣಾ. ಹಸು ಇದೆಯಲ್ಲ. ಮೊದಲು ಆರೂವರೆಗೆ ಹೋಗುತ್ತಿದ್ದರು. ಈಗ ಆರಕ್ಕೇ ಹೋಗಿ ಹಾಲು ಹಾಕಿ ಬಂದುಬಿಡುತ್ತಾರೆ. ಅವನು ಬರುವುದು ಆರೂವರೆಗೆ.